ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಇತಿಹಾಸವೂ ಮಕ್ಕಳ ಪಾಠವೂ

ಅಟ್ಲಾಂಟಿಕ್ ಸಾಗರದ ಮೇಲೆ ಮೂರೂವರೆ ಶತಮಾನಗಳಿಗೂ ಮಿಗಿಲಾದ ಕಾಲ ನಡೆದ ಗುಲಾಮರ ವ್ಯಾಪಾರವು ವಿದ್ವಾಂಸರ ಗಮನವನ್ನು ಬಹು ದಿನಗಳಿಂದ ಸೆಳೆದಿದೆ. ಈ ವ್ಯಾಪಾರಕ್ಕೂ ಬ್ರಿಟನ್ನಿನ ಬಂಡವಾಳದ ಬೆಳವಣಿಗೆಗೂ ಇದ್ದ ಸಂಬಂಧವನ್ನು ಎರಿಕ್ ವಿಲಿಯಮ್ಸರು 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವೇಚಿಸಿದರು. ಸಾಗಿಸಲ್ಪಟ್ಟವರ ಸಂಖ್ಯೆಯನ್ನು ಶಾಸ್ತ್ರೀಯವಾಗಿ ನಿರ್ಣಯಿಸುವ ಪ್ರಯತ್ನವನ್ನು ಫಿಲಿಪ್ ಕರ್ಟಿನ್ನರು 1969ರಲ್ಲಿ ಕೈಗೊಂಡರು. ಅನಂತರದ ಸಂಶೋಧಕರು ಹಡಗು ಹಡಗಿನ ದಾಖಲೆಗಳನ್ನು ಕೂಡಿಸಿ, ಮೂವತ್ತಾರು ಸಾವಿರಕ್ಕೂ ಹೆಚ್ಚಿನ ಯಾನಗಳ ವಿವರವನ್ನು ಒಂದೆಡೆ ಸಂಗ್ರಹಿಸಿದ್ದಾರೆ. ಇಷ್ಟೆಲ್ಲ ಜ್ಞಾನ ನಮಗೆ ಲಭ್ಯವಾಗಿರುವಾಗ, ಅದನ್ನು ಹತ್ತು ಹನ್ನೆರಡು ವರ್ಷದ ಮಗುವಿಗೆ ಹೇಗೆ ಹೇಳಬೇಕು ಎಂಬ ಪ್ರಶ್ನೆಯು ಸುಲಭವಾದುದೆಂದು ತೋರಬಹುದು. ವಾಸ್ತವವಾಗಿ ಅದು ಅತ್ಯಂತ ಕಠಿನವಾದ ಪ್ರಶ್ನೆ. ಪಾಠಪುಸ್ತಕಗಳನ್ನು ರಚಿಸುವವರೂ ಶಾಲಾ ಉಪಾಧ್ಯಾಯರನ್ನು ಸಿದ್ಧಗೊಳಿಸುವವರೂ ಕಾಲೇಜಿನ ಇತಿಹಾಸದ ತರಗತಿಗಳಿಂದಲೇ ಹೊರಬರುವುದರಿಂದ, ಈ ಪ್ರಶ್ನೆಯನ್ನು ಇಲ್ಲಿ ಕೊಂಚ ವಿಚಾರಿಸುವುದು ಅಪ್ರಸ್ತುತವಾಗಲಾರದು.

ಈ ವ್ಯಾಪಾರದಿಂದ ನೇರವಾಗಿ ರೂಪುಗೊಂಡ ದೇಶಗಳಲ್ಲಿಯೂ ಈ ಪಾಠಕ್ಕೆ ಸ್ಥಾನ ದೊರೆತದ್ದು ತೀರ ಇತ್ತೀಚೆಗೆ. ಯುನೆಸ್ಕೋ ಸಂಸ್ಥೆಯು ತನ್ನ ಸಹಯೋಗಿ ಶಾಲೆಗಳಲ್ಲಿ ಈ ವಿಷಯದ ಬೋಧನೆಗಾಗಿ ವಿಶೇಷ ಯೋಜನೆಯೊಂದನ್ನು 1998ರಲ್ಲಿ ಪ್ರಾರಂಭಿಸಿತು. ಫ್ರಾನ್ಸ್ ದೇಶವು 2001ರ ಶಾಸನದಿಂದ ಗುಲಾಮ ವ್ಯಾಪಾರವನ್ನು ಮಾನವತೆಯ ವಿರುದ್ಧದ ಅಪರಾಧವೆಂದು ಘೋಷಿಸಿ, ಶಾಲಾ ಪಾಠಕ್ರಮದಲ್ಲಿ ಅದಕ್ಕೆ ತಕ್ಕ ಸ್ಥಾನ ಸಲ್ಲಬೇಕೆಂದು ವಿಧಿಸಿತು. ಆಫ್ರಿಕನ್ ಮೂಲದ ಬ್ರೆಜಿಲಿಯನ್ನರ ಇತಿಹಾಸ ಮತ್ತು ಸಂಸ್ಕೃತಿಯನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸುವ ಕಾನೂನು ಬ್ರೆಜಿಲಿನಲ್ಲಿ ಬಂದದ್ದು 2003ರಲ್ಲಿ. ಇಂಗ್ಲೆಂಡಿನಲ್ಲಿ 2008ರಲ್ಲಿ ಈ ವಿಷಯ ಕಡ್ಡಾಯ ಪಾಠವಾಯಿತು; 2014ರಲ್ಲಿ ಜಾರಿಗೆ ಬಂದ ಹೊಸ ಪಾಠಕ್ರಮದಲ್ಲಿ, ಬೋಧಿಸಬಹುದಾದ ಹಲವು ಉದಾಹರಣೆಗಳಲ್ಲಿ ಒಂದಾಗಿ ಮಾತ್ರ ಉಳಿಯಿತು. 2015ರಲ್ಲಿ ಅಮೆರಿಕದ ಶಾಲಾ ಭೂಗೋಳ ಪುಸ್ತಕವೊಂದು, ಈ ವ್ಯಾಪಾರವು ಆಫ್ರಿಕದಿಂದ ಲಕ್ಷಾಂತರ ‘ಕೆಲಸಗಾರ’ರನ್ನು ತಂದಿತೆಂದು ನಕ್ಷೆಯ ಕೆಳಗೆ ಅಚ್ಚುಮಾಡಿತ್ತು. ಅದನ್ನು ಮೊದಲು ಗುರುತಿಸಿದವನು ಆ ಪುಸ್ತಕವನ್ನು ಓದುತ್ತಿದ್ದ ಒಬ್ಬ ವಿದ್ಯಾರ್ಥಿ. ಒಂದು ಪದದ ಆಯ್ಕೆಯಿಂದ ಇತಿಹಾಸದ ಒಂದು ಮಹಾಪರಾಧವು ಉದ್ಯೋಗಾರ್ಥಿಗಳ ವಲಸೆಯಾಗಿ ಮಾರ್ಪಡಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಪಾಠವನ್ನು ಹೇಳುವಲ್ಲಿ ಉಪಾಧ್ಯಾಯನ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳು ತೋರುತ್ತವೆ. ಮೊದಲನೆಯದು, ಮಕ್ಕಳ ಮನಸ್ಸು ಕೋಮಲವಾದುದೆಂದು ಬಗೆದು, ಸಂಗತಿಯನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿ, ದಯಾಳುಗಳಾದ ಕೆಲವರು ಆ ಪದ್ಧತಿಯನ್ನು ನಿಲ್ಲಿಸಿದರೆಂಬ ಸಮಾಧಾನದ ಮಾತಿಗೆ ಬಂದುಬಿಡುವುದು. ಎರಡನೆಯದು, ಸತ್ಯವನ್ನು ಮರೆಮಾಚಬಾರದೆಂಬ ಉತ್ಸಾಹದಿಂದ ಸಂಕೋಲೆ, ಬರೆ, ಚಾವಟಿಗಳ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುವುದು. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧವಾಗಿ ಕಂಡರೂ, ಇವೆರಡರ ದೋಷವೂ ಒಂದೇ ಎಂಬುದು ಪ್ರಸ್ತುತ ಲೇಖನದ ಅಭಿಪ್ರಾಯ. ಎರಡು ದಾರಿಗಳಲ್ಲಿಯೂ ಆಫ್ರಿಕದ ಮನುಷ್ಯನಿಗೆ ಹೆಸರಿಲ್ಲ, ಊರಿಲ್ಲ, ಇಚ್ಛೆಯಿಲ್ಲ. ಒಂದು ಕಡೆ ಆತ ಸಂಖ್ಯೆ, ಇನ್ನೊಂದು ಕಡೆ ಗಾಯಗೊಂಡ ದೇಹ. ವ್ಯಾಪಾರಿಯ ಲೆಕ್ಕದ ಪುಸ್ತಕದಲ್ಲಿ ಆತನಿಗಿದ್ದ ಸ್ಥಾನವೂ ಅಷ್ಟೇ ಆಗಿತ್ತು. ಆದುದರಿಂದ ಎಣಿಕೆಗೆ ಇಳಿಸಲ್ಪಟ್ಟವರನ್ನು ಮತ್ತೆ ವ್ಯಕ್ತಿಗಳನ್ನಾಗಿ ಕಾಣಿಸುವುದೇ ಈ ಪಾಠದ ಮುಖ್ಯ ಕಾರ್ಯವೆಂದು ನಾವು ತಿಳಿಯಬೇಕು.

ಎಣಿಕೆಯೇ ಬೇಡವೆಂದು ಇದರ ಅರ್ಥವಲ್ಲ. ಹದಿನಾರನೆಯ ಶತಮಾನದ ಆದಿಭಾಗದಿಂದ 1860ರ ದಶಕದವರೆಗೆ ಸುಮಾರು 1 ಕೋಟಿ 25 ಲಕ್ಷ ಜನರನ್ನು ಆಫ್ರಿಕದ ತೀರದಲ್ಲಿ ಹಡಗುಗಳಿಗೆ ಏರಿಸಲಾಯಿತೆಂದೂ, ಅವರಲ್ಲಿ ಸುಮಾರು 1 ಕೋಟಿ 7 ಲಕ್ಷ ಜನ ಮಾತ್ರ ಆಚೆಯ ದಡವನ್ನು ಜೀವಸಹಿತ ಮುಟ್ಟಿದರೆಂದೂ ಇಂದಿನ ಅಂದಾಜು. ಇವೆರಡು ಅಂಕೆಗಳ ನಡುವಣ ಅಂತರವೇ ಸಮುದ್ರದಲ್ಲಿ ಸತ್ತವರ ಲೆಕ್ಕ. ಎಲ್ಲಕ್ಕಿಂತ ಹೆಚ್ಚಿನ ಪಾಲು, ಎಂದರೆ ಐವತ್ತು ಲಕ್ಷದ ಸಮೀಪದಷ್ಟು ಜನ, ಸಾಗಿಸಲ್ಪಟ್ಟದ್ದು ಬ್ರೆಜಿಲಿಗೆ. ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲಕ್ಕೆ ಆಫ್ರಿಕದಿಂದ ನೇರವಾಗಿ ಬಂದಿಳಿದವರು ನಾಲ್ಕು ಲಕ್ಷಕ್ಕೂ ಕಡಿಮೆ. ಗುಲಾಮಗಿರಿಯೆಂದೊಡನೆ ಲಿಂಕನ್ನನ ಹೆಸರನ್ನೂ ಹತ್ತಿಯ ಹೊಲಗಳನ್ನೂ ಮಾತ್ರ ನೆನೆಯುವ ನಮ್ಮ ವಿದ್ಯಾರ್ಥಿಗಳಿಗೆ ಈ ಪ್ರಮಾಣವು ಆಶ್ಚರ್ಯವನ್ನುಂಟುಮಾಡುವುದರಲ್ಲಿ ಸಂದೇಹವಿಲ್ಲ. ಕಬ್ಬಿನ ತೋಟಗಳೂ ಸಕ್ಕರೆಯ ಬೇಡಿಕೆಯೂ ಈ ವ್ಯಾಪಾರದ ಹೃದಯಭಾಗದಲ್ಲಿದ್ದುವೆಂಬುದು ಈ ಪ್ರಮಾಣದಿಂದಲೇ ವಿದಿತವಾಗುತ್ತದೆ.

ಈ ಮಹಾಸಂಖ್ಯೆಯೊಳಗೆ ಮಕ್ಕಳ ಸಂಖ್ಯೆ ಎಷ್ಟು? ಸುಮಾರು ನಾಲ್ಕರಲ್ಲಿ ಒಂದು ಪಾಲು ಎಂದು ಸಂಶೋಧಕರು ಹೇಳುತ್ತಾರೆ. ಮಗುವಿಗೆ ಪಾಠ ಹೇಳುವವನು ಮೊದಲು ಗಮನಿಸಬೇಕಾದ ಸಂಗತಿ ಇದು. 1788ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು, ಹಡಗಿನ ಗಾತ್ರಕ್ಕೆ ತಕ್ಕಂತೆ ಸಾಗಿಸಬಹುದಾದ ಜನರ ಸಂಖ್ಯೆಯನ್ನು ಮಿತಗೊಳಿಸುವ ಶಾಸನವೊಂದನ್ನು ಅಂಗೀಕರಿಸಿತು. ಅದನ್ನು ಮಂಡಿಸಿದವರು ಸರ್ ವಿಲಿಯಂ ಡಾಲ್ಬೆನ್. ಆ ಶಾಸನದಲ್ಲಿ ಮಕ್ಕಳ ವಿಷಯವೂ ಬಂದಿದೆ. ನಾಲ್ಕು ಅಡಿ ನಾಲ್ಕು ಅಂಗುಲವನ್ನು ಮೀರದವರು ಮಕ್ಕಳು. ಅಂಥವರ ಸಂಖ್ಯೆ ಒಟ್ಟು ಜನರ ಐದರಲ್ಲಿ ಎರಡು ಭಾಗವನ್ನು ಮೀರಿದಲ್ಲಿ, ಮೀರಿದವರನ್ನು ಐವರಿಗೆ ನಾಲ್ವರಂತೆ ಎಣಿಸತಕ್ಕದ್ದು. ಮಗುವೆಂದರೆ ಯಾರು ಎಂಬ ಪ್ರಶ್ನೆಗೆ ಆ ಕಾನೂನು ವಯಸ್ಸನ್ನು ಕೇಳಲಿಲ್ಲ, ತಾಯಿತಂದೆಗಳನ್ನು ಕೇಳಲಿಲ್ಲ. ಎತ್ತರವನ್ನು ಮಾತ್ರ ಅಳೆಯಿತು. ಅದೂ ಹಡಗಿನಲ್ಲಿ ಹಿಡಿಸುವ ಜಾಗದ ಲೆಕ್ಕಕ್ಕಾಗಿ. ಇದು ಕ್ರೂರಿಯಾದ ಕಪ್ತಾನನೊಬ್ಬನ ಮಾತಲ್ಲ, ಸುಧಾರಣೆಗೆಂದು ಮಾಡಿದ ಶಾಸನದ ಮಾತು. ತರಗತಿಯ ಗೋಡೆಯ ಮೇಲೆ ನಾಲ್ಕು ಅಡಿ ನಾಲ್ಕು ಅಂಗುಲಕ್ಕೆ ಸೀಮೆಸುಣ್ಣದಿಂದ ಒಂದು ಗೆರೆಯನ್ನೆಳೆದು, ಅದರ ಅರ್ಥವನ್ನು ಹೇಳಿದರೆ, ಹತ್ತು ಪುಟಗಳ ವರ್ಣನೆಗಿಂತ ಹೆಚ್ಚು ಹೇಳಿದಂತಾಗುತ್ತದೆ. ಆದರೆ ಮಕ್ಕಳನ್ನು ಒಬ್ಬೊಬ್ಬರಾಗಿ ಆ ಗೆರೆಯ ಮುಂದೆ ನಿಲ್ಲಿಸಿ ಅಳೆಯಕೂಡದು. ಅಳತೆಯ ಅರ್ಥವನ್ನು ತಿಳಿಸುವುದು ಬೋಧನೆ. ಅಳೆಯುವುದು ವ್ಯಾಪಾರಿಯ ಕೃತ್ಯದ ಪುನರಾವೃತ್ತಿ.

ಹೀಗೆ ಅಳೆಯಲ್ಪಟ್ಟ ಮಕ್ಕಳಲ್ಲಿ ಕೆಲವರ ಹೆಸರುಗಳಾದರೂ ನಮಗೆ ಉಳಿದುಬಂದಿವೆ. 1761ರಲ್ಲಿ ಬಾಸ್ಟನ್ ಬಂದರಿನಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳನ್ನು ಇಳಿಸಿ ಮಾರಲಾಯಿತು. ಆಕೆಯನ್ನು ತಂದ ಹಡಗಿನ ಹೆಸರು ‘ಫಿಲಿಸ್’. ಕೊಂಡವರು ಆ ಹೆಸರನ್ನೇ ಆಕೆಗೂ ಇಟ್ಟರು. ಹೆತ್ತವರು ಇಟ್ಟಿದ್ದ ಹೆಸರು ಕಾಣೆಯಾಯಿತು. ಆ ಫಿಲಿಸ್ ವೀಟ್ಲಿ ಪರಭಾಷೆಯನ್ನು ಕಲಿತು 1773ರಲ್ಲಿ ಕವನಸಂಗ್ರಹವೊಂದನ್ನು ಪ್ರಕಟಿಸಿದಳು. 1839ರಲ್ಲಿ ‘ಅಮಿಸ್ಟಾಡ್’ ಎಂಬ ಹಡಗಿನಲ್ಲಿದ್ದ ಬಂದಿಗಳು ದಂಗೆಯೆದ್ದು ಹಡಗನ್ನು ವಶಪಡಿಸಿಕೊಂಡಾಗ ಅವರೊಡನೆ ನಾಲ್ವರು ಮಕ್ಕಳಿದ್ದರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1841ರಲ್ಲಿ ಆ ಬಂದಿಗಳ ಸ್ವಾತಂತ್ರ್ಯವನ್ನು ಎತ್ತಿಹಿಡಿದ ಮೇಲೆ, ಆ ಮಕ್ಕಳಲ್ಲಿ ಮಾರ್ಗ್ರೂ ಎಂಬಾಕೆ ಆಫ್ರಿಕಕ್ಕೆ ಹಿಂದಿರುಗಿದಳು. ಮುಂದೆ ಅಮೆರಿಕಕ್ಕೆ ಮತ್ತೆ ಬಂದು ಓಬರ್ಲಿನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದಳು. 1860ರಲ್ಲಿ, ಗುಲಾಮರ ಆಮದು ಅಮೆರಿಕದಲ್ಲಿ ನಿಷಿದ್ಧವಾಗಿ ಐವತ್ತು ವರ್ಷಗಳು ಕಳೆದಿದ್ದರೂ, ‘ಕ್ಲೋಟಿಲ್ಡಾ’ ಎಂಬ ಹಡಗು ಅಲಬಾಮಕ್ಕೆ ಗುಟ್ಟಾಗಿ ಬಂದಿತು. ಅದರಲ್ಲಿ ತಾಯಿಯೊಡನೆ ಬಂದ ಎರಡು ವರ್ಷದ ಕೂಸು ಮಟಿಲ್ಡಾ ಮೆಕ್ರಿಯರ್ ಮೃತಳಾದದ್ದು 1940ರಲ್ಲಿ. ನಮ್ಮ ಮಕ್ಕಳ ಅಜ್ಜ ಮುತ್ತಜ್ಜಂದಿರು ಬದುಕಿದ್ದ ಕಾಲದವರೆಗೂ ಈ ವ್ಯಾಪಾರದ ಸಾಕ್ಷಿಯೊಬ್ಬಳು ಜೀವಿಸಿದ್ದಳೆಂದರೆ, ಇದು ಪುರಾತನ ಕಾಲದ ಕಥೆಯೆಂಬ ಭಾವನೆ ತಾನಾಗಿಯೇ ಕರಗುತ್ತದೆ.

ಕನ್ನಡದಲ್ಲಿ ಈ ಪಾಠವನ್ನು ಹೇಳುವವನಿಗೆ ಪದಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ನಾವು ಬಳಸುವ ‘ಗುಲಾಮ’ ಎಂಬ ಪದವು ಅರಬ್ಬಿ ಮೂಲದ್ದು. ಆ ಭಾಷೆಯಲ್ಲಿ ಅದರ ಮೊದಲ ಅರ್ಥ ಹುಡುಗ ಎಂದು. ನಮ್ಮ ಮಕ್ಕಳಿಗೋ ಆ ಪದದ ಪರಿಚಯವಾಗುವುದು ಬಹುಮಟ್ಟಿಗೆ ಇಸ್ಪೀಟಿನ ಎಲೆಯಿಂದ. ‘ದಾಸ’ ಎಂದರೆ ಹರಿದಾಸರ ನೆನಪಾಗುತ್ತದೆ. ಅದು ಒಲಿದು ಒಪ್ಪಿಕೊಂಡ ದಾಸ್ಯ, ಗೌರವದ ಪದವಿ. ‘ಜೀತ’ ಎಂದರೆ ಸಾಲಕ್ಕೆ ಸಿಕ್ಕಿ ದುಡಿಯುವ ಅವಸ್ಥೆ. 1976ರ ಶಾಸನವು ಅದನ್ನು ನಮ್ಮ ದೇಶದಲ್ಲಿ ರದ್ದುಗೊಳಿಸಿತು. ಅಟ್ಲಾಂಟಿಕ್ ಗುಲಾಮಗಿರಿ ಇವಾವುವೂ ಅಲ್ಲ. ಅಲ್ಲಿ ಮನುಷ್ಯನೇ ಚರಾಸ್ತಿ, ತೀರಿಸಬಹುದಾದ ಸಾಲವೆಂಬುದಿಲ್ಲ. ವರ್ಜೀನಿಯ ವಸಾಹತಿನ 1662ರ ಶಾಸನದಂತೆ, ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸತಕ್ಕದ್ದು. ಎಂದರೆ ಗುಲಾಮಳ ಗರ್ಭದಲ್ಲಿರುವಾಗಲೇ ಮಗುವು ಯಜಮಾನನ ಸ್ವತ್ತು. ಇದಕ್ಕೆ ಮೈಬಣ್ಣದ ಭೇದವೂ ಸೇರಿ, ಗುಲಾಮಗಿರಿಯು ಒಂದು ಜನಾಂಗದ ಹುಟ್ಟುಗುಣವೆಂಬಂತಹ ಸುಳ್ಳು ಬೆಳೆಯಿತು. ಆದುದರಿಂದ ‘ಗುಲಾಮರನ್ನು ಆಫ್ರಿಕದಿಂದ ತಂದರು’ ಎನ್ನುವುದಕ್ಕಿಂತ, ‘ಆಫ್ರಿಕದ ರೈತರನ್ನು, ಕಮ್ಮಾರರನ್ನು, ನೇಕಾರರನ್ನು, ಮಕ್ಕಳನ್ನು ಹಿಡಿದು ತಂದು ಗುಲಾಮರನ್ನಾಗಿ ಮಾಡಿದರು’ ಎನ್ನುವುದು ಹೆಚ್ಚು ನಿಖರವಾದ ವಾಕ್ಯ. ಈ ವಾಕ್ಯದಲ್ಲಿ ಮಾಡಿದವನೂ ಕಾಣುತ್ತಾನೆ, ಮಾಡಲ್ಪಟ್ಟವನೂ ಕಾಣುತ್ತಾನೆ.

ಇನ್ನು ವ್ಯಾಪಾರದ ಕ್ರಮವನ್ನು ಮಗುವಿಗೆ ಮನಗಾಣಿಸಲು ನಮ್ಮ ಮನೆಗಳಲ್ಲಿಯೇ ಸಿಗುವ ವಸ್ತುವೊಂದು ನೆರವಾಗಬಲ್ಲದು. ಅದೇ ಚೌಕಾಬಾರದ ಕವಡೆ. ‘ಕವಡೆ ಕಾಸಿನ ಬೆಲೆಯಿಲ್ಲ’ ಎಂದು ನಾವು ತುಚ್ಛೀಕರಿಸುವ ಈ ಕವಡೆ ಒಂದು ಕಾಲದಲ್ಲಿ ಬಂಗಾಳದಲ್ಲಿಯೂ ಪಶ್ಚಿಮ ಆಫ್ರಿಕದಲ್ಲಿಯೂ ಚಲಾವಣೆಯ ನಾಣ್ಯವಾಗಿತ್ತು. ಮಾಲ್ಡೀವ್ ದ್ವೀಪಗಳ ಕವಡೆಯನ್ನು ಡಚ್ಚರೂ ಇಂಗ್ಲಿಷರೂ ಹಡಗುಗಳಲ್ಲಿ ಯೂರೋಪಿಗೆ ಒಯ್ದು ಮಾರುತ್ತಿದ್ದರು. ಅಲ್ಲಿಂದ ಅದು ಬೆನಿನ್ ಕೊಲ್ಲಿಯ ತೀರವನ್ನು ಸೇರಿ, ಮನುಷ್ಯರನ್ನು ಕೊಳ್ಳುವ ಹಣವಾಗುತ್ತಿತ್ತು. ಗುಜರಾತ್ ಮತ್ತು ಕೋರಮಂಡಲ ತೀರದ ಹತ್ತಿಬಟ್ಟೆಗಳೂ ಇದೇ ದಾರಿಯನ್ನು ಹಿಡಿದುವು. ಭಾರತದ ನೇಕಾರನಿಗೆ ತನ್ನ ಬಟ್ಟೆ ಯಾವುದಕ್ಕೆ ವಿನಿಮಯವಾಗುವುದೆಂಬ ಅರಿವಿರಲು ಸಾಧ್ಯವಿರಲಿಲ್ಲ. ಆದರೂ ಅಟ್ಲಾಂಟಿಕ್ ವ್ಯಾಪಾರದ ಒಂದು ಎಳೆ ಹಿಂದೂ ಮಹಾಸಾಗರದವರೆಗೆ ಹಬ್ಬಿತ್ತೆಂಬುದು ನಿಶ್ಚಿತ. ಕವಡೆಯ ನಿದರ್ಶನದಿಂದ ಇನ್ನೊಂದು ತಪ್ಪು ಕಲ್ಪನೆಯೂ ನಿವಾರಣೆಯಾಗುತ್ತದೆ. ಆಫ್ರಿಕದವರು ಮಣಿಸರ, ಚಿಪ್ಪುಗಳಿಗೆ ಮರುಳಾಗಿ ತಮ್ಮವರನ್ನೇ ಮಾರಿದರೆಂಬ ಮಾತು ಪುಸ್ತಕಗಳಲ್ಲಿ ಬರುವುದುಂಟು. ಅಲ್ಲಿನ ಅರಸರೂ ವರ್ತಕರೂ ಈ ವ್ಯಾಪಾರದಲ್ಲಿ ಪಾಲ್ಗೊಂಡದ್ದು ನಿಜ, ಅದನ್ನು ಮುಚ್ಚಿಡಕೂಡದು. ಆದರೆ ಅವರು ಪಡೆದದ್ದು ತಮ್ಮ ಪೇಟೆಯಲ್ಲಿ ನಡೆಯುವ ಹಣವನ್ನು, ಬಟ್ಟೆಯನ್ನು, ಕೋವಿಗಳನ್ನು. ಮಾರಿದ್ದು ಬಹುಮಟ್ಟಿಗೆ ಪರರಾಜ್ಯದ ಸೆರೆಯಾಳುಗಳನ್ನು. ಇತ್ತ ಕಾಂಗೊ ರಾಜ್ಯದ ಅರಸು ಒಂದನೆಯ ಅಫೋನ್ಸೊ 1526ರಲ್ಲಿಯೇ ಪೋರ್ಚುಗಲ್ಲಿನ ದೊರೆಗೆ ಪತ್ರಗಳನ್ನು ಬರೆದು, ತನ್ನ ಪ್ರಜೆಗಳನ್ನೂ ಬಂಧುಗಳನ್ನೂ ಕದ್ದೊಯ್ಯುತ್ತಿರುವರೆಂದು ದೂರಿದ್ದನು. ಲಾಭ ಪಡೆದವರೂ ವಿರೋಧಿಸಿದವರೂ ಒಂದೇ ಖಂಡದಲ್ಲಿದ್ದರೆಂಬ ಈ ಸತ್ಯವನ್ನು ಗ್ರಹಿಸುವ ಶಕ್ತಿ ಹದಿಮೂರು ವರ್ಷದ ವಿದ್ಯಾರ್ಥಿಗೆ ಇದ್ದೇ ಇದೆ.

ಆಕರಗಳ ವಿಷಯಕ್ಕೆ ಬಂದರೆ, ಮೇಲ್ತರಗತಿಗಳ ಉಪಾಧ್ಯಾಯನಿಗೆ ಒಂದು ಇಕ್ಕಟ್ಟು ಎದುರಾಗುತ್ತದೆ. ಉಳಿದುಬಂದಿರುವ ದಾಖಲೆಗಳಲ್ಲಿ ಹೆಚ್ಚಿನವು ವ್ಯಾಪಾರಿಗಳವು, ವಿಮೆಗಾರರವು, ನ್ಯಾಯಾಲಯಗಳವು. 1781ರಲ್ಲಿ ‘ಜಾಂಗ್’ ಎಂಬ ಹಡಗಿನಿಂದ ನೂರಮೂವತ್ತಕ್ಕೂ ಹೆಚ್ಚು ಜನರನ್ನು ಸಮುದ್ರಕ್ಕೆ ಎಸೆದ ಘೋರಕೃತ್ಯವು 1783ರಲ್ಲಿ ಲಂಡನ್ನಿನ ನ್ಯಾಯಾಲಯದ ಮುಂದೆ ಬಂದದ್ದು ಕೊಲೆಯ ಮೊಕದ್ದಮೆಯಾಗಿ ಅಲ್ಲ, ವಿಮೆಯ ಹಣದ ವ್ಯಾಜ್ಯವಾಗಿ. ಲಿವರ್‌ಪೂಲಿನ ‘ಬ್ರೂಕ್ಸ್’ ಹಡಗಿನ ಪ್ರಸಿದ್ಧ ನಕ್ಷೆಯನ್ನು 1788 ಮತ್ತು 1789ರಲ್ಲಿ ಅಚ್ಚುಮಾಡಿಸಿದವರು ವ್ಯಾಪಾರದ ವಿರೋಧಿಗಳೇ. ಅದು ಸಾರ್ವಜನಿಕರ ಮನಸ್ಸನ್ನು ಕಲಕಿತೆಂಬುದೂ ನಿಜ. ಆದರೆ ಸಾಲು ಸಾಲಾಗಿ ಮಲಗಿಸಿದ ಆ ಕಪ್ಪು ಆಕೃತಿಗಳಲ್ಲಿ ಒಂದಕ್ಕೂ ಮುಖವಿಲ್ಲ. ಇಂತಹ ಚಿತ್ರವನ್ನು ತೋರಿಸುವಾಗ, ಇದನ್ನು ಯಾರು, ಯಾವ ಉದ್ದೇಶದಿಂದ ಬರೆದರು, ಇದರಲ್ಲಿ ಏನು ಬಿಟ್ಟುಹೋಗಿದೆ ಎಂದು ಕೇಳಬೇಕು. ಇದಕ್ಕೆ ಜೊತೆಯಾಗಿ ಓದತಕ್ಕದ್ದು 1789ರಲ್ಲಿ ಪ್ರಕಟವಾದ ಓಲೌಡಾ ಈಕ್ವಿಯಾನೊವಿನ ಆತ್ಮಕಥೆ. ಹನ್ನೊಂದನೆಯ ವಯಸ್ಸಿನಲ್ಲಿ ತಂಗಿಯೊಡನೆ ತನ್ನನ್ನು ಅಪಹರಿಸಿ ತಂದರೆಂದು ಆತ ಬರೆದಿದ್ದಾನೆ. ಆತನು ಹುಟ್ಟಿದ್ದು ಕೆರೊಲಿನದಲ್ಲಿ ಎಂದು ಸೂಚಿಸುವ 1759ರ ದೀಕ್ಷಾಸ್ನಾನದ ದಾಖಲೆಯೊಂದನ್ನು ಇತ್ತೀಚಿನ ಸಂಶೋಧಕರು ಮುಂದಿಟ್ಟಿರುವುದರಿಂದ ಆತನ ಜನ್ಮಸ್ಥಳದ ವಿಷಯದಲ್ಲಿ ಚರ್ಚೆ ನಡೆದಿದೆ. ಇದನ್ನು ವಿದ್ಯಾರ್ಥಿಗಳಿಂದ ಮರೆಮಾಚಬೇಕಾದ ಕಾರಣವಿಲ್ಲ. ಸಾಕ್ಷ್ಯವನ್ನು ತೂಗುವುದು ಮನುಷ್ಯನನ್ನು ಅವಮಾನಿಸುವುದಲ್ಲ. ಆತನ ಮಾತನ್ನು ಗಂಭೀರವಾಗಿ ಪರಿಗಣಿಸುವ ರೀತಿಯೇ ಅದು.

ಕೊನೆಯದಾಗಿ, ಪಾಠದ ಆದಿ ಅಂತ್ಯಗಳ ಪ್ರಶ್ನೆ. ಯಾವ ಇತಿಹಾಸವು ಎಲ್ಲಿ ಆರಂಭವಾಗುತ್ತದೆಯೋ ಅದರಿಂದಲೇ ಮಗುವು ಅರ್ಧ ತೀರ್ಮಾನವನ್ನು ಮಾಡಿಕೊಳ್ಳುತ್ತದೆ. ಆಫ್ರಿಕದ ಪ್ರಸ್ತಾಪವು ಮೊಟ್ಟಮೊದಲು ಹಡಗಿನ ತಳದಲ್ಲಿ ಬಂದರೆ, ಆ ಖಂಡಕ್ಕೆ ಅದಕ್ಕಿಂತ ಮೊದಲು ಇತಿಹಾಸವೇ ಇರಲಿಲ್ಲವೆಂಬ ಭಾವನೆ ಬೇರೂರುತ್ತದೆ. ಮಾಲಿ, ಸೊಂಗೈ, ಬೆನಿನ್, ಕಾಂಗೊ ರಾಜ್ಯಗಳ ಪರಿಚಯದ ಬಳಿಕವೇ ಈ ಪಾಠ ಬರತಕ್ಕದ್ದು. ಹಾಗೆಯೇ ಪಾಠವು ಇಂಗ್ಲೆಂಡಿನ 1807ರ ನಿಷೇಧ ಶಾಸನದಲ್ಲಿ ಮುಗಿದರೆ, ಬಿಡುಗಡೆಯೆಂಬುದು ಯಜಮಾನರು ಇತ್ತ ದಾನವೆನಿಸುತ್ತದೆ. ಹತ್ತು ಯಾನಗಳಲ್ಲಿ ಒಂದರಲ್ಲಾದರೂ ಬಂದಿಗಳ ದಂಗೆ ನಡೆದಿರಬೇಕೆಂಬ ಅಂದಾಜಿದೆ. ಬ್ರೆಜಿಲಿನಲ್ಲಿ ತಪ್ಪಿಸಿಕೊಂಡವರು ಕಟ್ಟಿದ ಪಾಲ್ಮಾರೆಸ್ ಹದಿನೇಳನೆಯ ಶತಮಾನದ ಬಹುಭಾಗ ಬಾಳಿತು. ಸಾನ್ ದೊಮಾಂಗ್ ದ್ವೀಪದಲ್ಲಿ 1791ರಲ್ಲಿ ಎದ್ದ ಗುಲಾಮರು 1804ರಲ್ಲಿ ಹೈಟಿಯೆಂಬ ಸ್ವತಂತ್ರ ರಾಷ್ಟ್ರವನ್ನೇ ಸ್ಥಾಪಿಸಿದರು. ಇವನ್ನು ಬಿಟ್ಟು ವಿಲ್ಬರ್‌ಫೋರ್ಸರನ್ನು ಮಾತ್ರ ಹೇಳಿದರೆ ಪಾಠ ಅಪೂರ್ಣ. ಅವರನ್ನು ಪೂರ್ತಿ ಬಿಟ್ಟರೂ ಅಪೂರ್ಣವೇ. 1833ರ ಶಾಸನವು 1834ರ ಆಗಸ್ಟ್ 1ರಿಂದ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಮಾಡಿತು. ಅಂದು ತತ್‌ಕ್ಷಣ ಸ್ವತಂತ್ರರಾದವರು ಬಹುಮಟ್ಟಿಗೆ ಆರು ವರ್ಷದೊಳಗಿನ ಮಕ್ಕಳು. ಉಳಿದವರಲ್ಲಿ ಬಹುಮಂದಿ 1838ರವರೆಗೆ ‘ಉಮೇದುವಾರಿ’ಯ ಹೆಸರಿನಲ್ಲಿ ಹಳೆಯ ಯಜಮಾನರಿಗೇ ದುಡಿಯಬೇಕಾಯಿತು. ಪರಿಹಾರವೆಂದು ಗೊತ್ತುಮಾಡಿದ 2 ಕೋಟಿ ಪೌಂಡು ಸಂದದ್ದು ಯಜಮಾನರಿಗೆ. ದುಡಿದವರಿಗೆ ಒಂದು ಪೆನ್ನಿಯೂ ಇಲ್ಲ. ಆ ಪರಿಹಾರಕ್ಕಾಗಿ ಎತ್ತಿದ ಸಾಲದ ಕೊನೆಯ ಶೇಷವನ್ನು ಬ್ರಿಟಿಷ್ ಸರ್ಕಾರವು ತೀರಿಸಿದ್ದು 2015ರಲ್ಲಿ. ತೋಟಗಳ ಕೂಲಿಯ ಕೊರತೆಯನ್ನು ತುಂಬಲು 1834ರಿಂದ ಮಾರಿಷಸ್ಸಿಗೂ 1838ರಿಂದ ಬ್ರಿಟಿಷ್ ಗಯಾನಕ್ಕೂ ಭಾರತದ ಕರಾರು ಕೂಲಿಗಳನ್ನು ಸಾಗಿಸಲಾಯಿತೆಂಬುದು ಇದೇ ಕಥೆಯ ಮುಂದಿನ ಅಧ್ಯಾಯ.

ಈ ವಿಚಾರದಲ್ಲಿ ನಮ್ಮ ನಾಡಿನ ತರಗತಿಯೊಂದನ್ನು ನೆನೆಯದೆ ಮುಗಿಸಲಾಗದು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ ಮೊದಲಾದ ತಾಲ್ಲೂಕುಗಳಲ್ಲಿ ಸಿದ್ದಿ ಜನರು ನೆಲೆಸಿದ್ದಾರೆ. ಅವರ ಪೂರ್ವಿಕರು ಬಂದದ್ದು ಅಟ್ಲಾಂಟಿಕ್ಕಿನ ದಾರಿಯಿಂದಲ್ಲ. ಹಿಂದೂ ಮಹಾಸಾಗರದ ಇನ್ನೊಂದು ವ್ಯಾಪಾರದಿಂದ, ಬಹುಮಟ್ಟಿಗೆ ಪೋರ್ಚುಗೀಸರ ಗೋವೆಯ ಮೂಲಕ. ಎರಡು ಇತಿಹಾಸಗಳನ್ನೂ ಬೆರೆಸುವುದು ತಪ್ಪು. ಆದರೆ ಪಾಠಪುಸ್ತಕದ ಪುಟದಲ್ಲಿ ಆಫ್ರಿಕದ ಮುಖವು ಸಂಕೋಲೆಯೊಡನೆ ಮಾತ್ರ ಕಾಣಿಸಿಕೊಂಡಾಗ, ಆ ಬೆಂಚಿನ ಮೇಲೆ ಕುಳಿತ ಸಿದ್ದಿ ಮಗುವಿನ ಕಡೆಗೆ ಉಳಿದ ಮಕ್ಕಳ ಕಣ್ಣು ಹೊರಳುವುದು ಸಹಜ. ಆ ನೋಟದಲ್ಲಿ ಅನುಕಂಪವಿದ್ದರೂ ಅದು ಹೊರೆಯೇ. ಪಾಠವನ್ನು ಬರೆಯುವವನು ಲೇಖನಿಯನ್ನು ಹಿಡಿಯುವಾಗ ಆ ಮಗುವನ್ನು ಎದುರಿಗೆ ಕಲ್ಪಿಸಿಕೊಂಡರೆ ಅನೇಕ ದೋಷಗಳು ತಾವಾಗಿಯೇ ನೀಗುವುವು. ಸಂತೆಯ ಹರಾಜನ್ನೋ ಹಡಗಿನ ತಳವನ್ನೋ ತರಗತಿಯಲ್ಲಿ ಅಭಿನಯಿಸಿ ತೋರಿಸುವ ಉತ್ಸಾಹವನ್ನು ಬಿಡಬೇಕೆನ್ನುವುದಕ್ಕೂ ಇದೇ ಕಾರಣ.

ಹತ್ತು ವರ್ಷದವರಿಗೆ ಹೆಸರುಳ್ಳ ವ್ಯಕ್ತಿಗಳ ಕಥೆ, ಹದಿಮೂರರವರಿಗೆ ವ್ಯಾಪಾರದ ರಚನೆ, ಹದಿನಾರರವರಿಗೆ ಆಕರಗಳ ಪರೀಕ್ಷೆ ಮತ್ತು ಪರಿಣಾಮಗಳ ಚರ್ಚೆ, ಎಂದು ಸ್ಥೂಲವಾಗಿ ಒಂದು ಕ್ರಮವನ್ನು ಸೂಚಿಸಬಹುದು. 1444ರಲ್ಲಿ ಪೋರ್ಚುಗಲ್ಲಿನ ಲಾಗೋಸ್ ಪಟ್ಟಣದಲ್ಲಿ 235 ಸೆರೆಯಾಳುಗಳನ್ನು ಹಂಚಿಕೊಂಡ ದೃಶ್ಯವನ್ನು ವರ್ಣಿಸಿದ ಆಸ್ಥಾನದ ಚರಿತ್ರಕಾರ ಜುರಾರನು, ಅರಸುಮನೆತನದ ಹೊಗಳಿಕೆಗೆಂದೇ ಬರೆಯುತ್ತಿದ್ದರೂ, ತಾಯಂದಿರು ಮಕ್ಕಳನ್ನು ಅಪ್ಪಿ ನೆಲಕ್ಕೊರಗಿದ್ದನ್ನು ಬರೆಯದೆ ಇರಲಾರದೆ ಹೋದನು. ಲೆಕ್ಕ ಬರೆಯುವವನ ಕಣ್ಣಿಗೂ ಒಂದು ಕ್ಷಣ ಮನುಷ್ಯರು ಕಂಡರು. ಆ ಕ್ಷಣವನ್ನು ಹಿಡಿದು ನಿಲ್ಲಿಸುವುದು ಉಪಾಧ್ಯಾಯನ ಕೆಲಸ. ಅಷ್ಟು ನಡೆದರೆ, ಅಂಕೆಗಳನ್ನು ಮರೆತ ಮೇಲೆಯೂ ವಿದ್ಯಾರ್ಥಿಯ ನೆನಪಿನಲ್ಲಿ ಆ ಪಾಠವು ಉಳಿಯುವುದೆಂದು ನಂಬಬಹುದು.